ಜಂಗು ಒರೆಸ್ರಿ, ಗುರುತು ಅಳಿಸಬ್ಯಾಡ್ರಿ

ಭಾಗ 1/9

ದಸರಾ ಹತ್ರ ಬಂತಂದ್ರ ಸುರಪುರ, ಶಹಾಪುರ, ಯಾದಗಿರಿ ಕಡೆ ಹಳೇ ಮನಿಗಳೊಳಗ ಒಂದು ಕೆಲಸ ಶುರುವಾಗ್ತದ. ಖಂಡೇನವಮಿ ಪೂಜೆಗೆ ಕತ್ತಿ, ಭರ್ಚಿ, ಕೊಡಲಿ ಎಲ್ಲಾ ಹೊರಗ ಬರ್ತಾವ. ಲೈಸೆನ್ಸ್ ಇರೋ ಮನಿಯಾಗ ಅಜ್ಜನ ಕಾಲದ ಜೋಡುನಳಿಗಿ ಬಂದೂಕೂ ಬರ್ತದ. ಆಮ್ಯಾಲ ಒಬ್ಬರು ಹೇಳೇ ಹೇಳ್ತಾರ: "ಎಷ್ಟು ಮಾಸ್ಯದ ನೋಡು, ಒಂದು ಸಲ ಪಾಲಿಶ್ ಹೊಡೆಸಿಬಿಡೋಣ."

ವಾಗಣಗೇರಾ ಕೋಟೆ ಸರಣಿ ಹಾಕಿದ ಮ್ಯಾಲೆ ನನಗ ಬಂದ ಮೆಸೇಜ್‌ಗಳಲ್ಲೂ ಇದೇ ಪ್ರಶ್ನೆ ಹೆಚ್ಚಿತ್ತು. ಹಳೇ ಬಂದೂಕನ್ನ ಹೊಸದರಂಗ ಮಾಡಿಸಬೇಕೋ, ಇದ್ದಂಗ ಇಡಬೇಕೋ?

ನನ್ನ ಉತ್ತರ ಮೊದಲೇ ಹೇಳಿಬಿಡ್ತೀನಿ. ಜಂಗು ತಡೀರಿ, ಬಣ್ಣ ಕೀಳಬ್ಯಾಡ್ರಿ. ಯಾಕ ಅನ್ನೋದಕ್ಕ ನಮ್ಮ ಊರಿನ ಇತಿಹಾಸ ಬೇಕು, ಸ್ವಲ್ಪ ಲೋಹದ ವಿಷಯ ಬೇಕು, ಸ್ವಲ್ಪ ಕಾನೂನೂ ಬೇಕು. ಸಾವಕಾಶ ಓದ್ರಿ.

ಭಾಗ 2/9
ಈ ನೆಲಕ್ಕೂ ಬಂದೂಕಿಗೂ ಇರುವ ಸಂಬಂಧ

ನಮ್ಮ ಭಾಗದಲ್ಲಿ ಬಂದೂಕು ಬರೇ ಶೋಕಿ ಸಾಮಾನಾಗಿರಲಿಲ್ಲ. 1705ರಲ್ಲಿ 85 ದಾಟಿದ ಔರಂಗಜೇಬ್ ತಾನೇ ಸೈನ್ಯ ಕಟ್ಟಿಕೊಂಡು ಸುರಪುರದ ಪಕ್ಕದ ವಾಗಣಗೇರಾಕ್ಕೆ ಬಂದ. ಎದುರಿಗೆ ಇದ್ದವರು ಪಿಡ್ಡ ನಾಯಕರು ಮತ್ತು ಅವರ ಬೇಡರ ಪಡೆ. ಗುರಿ ಇಟ್ಟು ಹೊಡೆಯುವುದರಲ್ಲಿ ಆ ಪಡೆಗೆ ದಖ್ಖನ್ನಿನಲ್ಲೇ ದೊಡ್ಡ ಹೆಸರಿತ್ತು. ಫೆಬ್ರವರಿಯಿಂದ ಏಪ್ರಿಲ್ ತನಕ ಮುತ್ತಿಗೆ ನಡೀತು. ಕೊನೆಗೆ ಕೋಟೆ ಮೊಘಲರ ಕೈಗೆ ಸಿಕ್ಕಿತು, ಆದರೆ ಒಳಗಿದ್ದವರು ರಾತ್ರೋರಾತ್ರಿ ಪಾರಾಗಿದ್ದರು. ಬಾದಶಹಾ ತಾನೇ ಮುಂದೆ ನಿಂತು ನಡೆಸಿದ ಕೊನೇ ದೊಡ್ಡ ಮುತ್ತಿಗೆ ಅದು. 1707ರಲ್ಲಿ ಅವನು ತೀರಿಕೊಂಡ.

ಮುಂದೆ 1857ರಲ್ಲಿ ಕಂಪನಿ ಸರ್ಕಾರ ಜನರ ಆಯುಧ ಕಿತ್ತುಕೊಳ್ಳುವ ಕಾಯ್ದೆ ತಂತು. ಅದಕ್ಕೆ ಒಪ್ಪದೆ ಮುಧೋಳದ ಹತ್ತಿರದ ಹಲಗಲಿಯಲ್ಲಿ ಬೇಡರು ಎದ್ದು ನಿಂತರು. ಕೆಲವೇ ತಿಂಗಳಲ್ಲಿ, 1858ರ ಫೆಬ್ರವರಿಯಲ್ಲಿ, ಸುರಪುರದ ರಾಜಾ ವೆಂಕಟಪ್ಪ ನಾಯಕರ ದಂಗೆ ಆಯಿತು. ಆ ಹೋರಾಟದಲ್ಲಿ ಬ್ರಿಟಿಷ್ ಅಧಿಕಾರಿ ಕ್ಯಾಪ್ಟನ್ ನ್ಯೂಬೆರಿ ಸತ್ತ. ರಾಜರು ಹೈದರಾಬಾದಿನಲ್ಲಿ ಸೆರೆಸಿಕ್ಕರು. ಜೈಲಿಗೆ ಕರೆದೊಯ್ಯುವ ದಾರಿಯಲ್ಲಿ ಗುಂಡೇಟಿನಿಂದ ತೀರಿಕೊಂಡರು. ಕಾವಲು ಅಧಿಕಾರಿಯ ರಿವಾಲ್ವರಿನಿಂದ ಗುಂಡು ಹಾರಿತು ಅಂತ ಮೆಡೋಸ್ ಟೇಲರ್ ಬರೀತಾನ. ಅದನ್ನ ಹಂಗೇ ನಂಬದವರು ನಮ್ಮ ಕಡೆ ಇವತ್ತಿಗೂ ಬಾಳ ಮಂದಿ ಇದ್ದಾರ.

ಇಲ್ಲೊಂದು ಮಾತು ಗಮನಿಸ್ರಿ. ಆ ಕಾಲದ ಸುರಪುರದ ಬಗ್ಗೆ ಜಗತ್ತು ಹೆಚ್ಚಾಗಿ ಓದಿರೋದು ಟೇಲರ್‌ನ ಆತ್ಮಕಥೆಯನ್ನ. ಅದು ಅಚ್ಚಾಗಿದ್ದು 1877ರಲ್ಲಿ, ಅವನು ಸತ್ತ ಮರುವರ್ಷ. ಅವನು ಇದ್ದ ಟೇಲರ್ ಮಂಜಿಲ್ ಇನ್ನೂ ಗುಡ್ಡದ ಮೇಲೆ ನಿಂತದ. ಕಾಗದದ ಮ್ಯಾಲೆ ಅವನ ಮಾತೇ ಗಟ್ಟಿ. ಹಂಗಾದ್ರ ನಮ್ಮ ಮಂದಿ ಕಡೆಯಿಂದ ಸಾಕ್ಷಿ ಏನದ? ಹಾಡು, ಬಾಯಿಮಾತು, ಆಮ್ಯಾಲ ಮನಿಯಾಗ ಉಳಿದ ಸಾಮಾನು. ಅದಕ್ಕ ಆ ಸಾಮಾನಿನ ಮೈಮ್ಯಾಲಿನ ಒಂದೊಂದು ಗುರುತೂ ನಮಗ ಬೆಲೆಯುಳ್ಳದ್ದು.

ಭಾಗ 3/9
"ಇದು 58ರ ದಂಗೆಯಾಗ ಹಿಡಿದ ಬಂದೂಕು"

ಈ ಮಾತು ನೀವೂ ಕೇಳಿರ್ತೀರಿ. ಖರೇ ಇರಬಹುದು, ಇರಲಿಕ್ಕೂ ಇಲ್ಲ. ಪತ್ತೆ ಹಚ್ಚೋದು ಹೆಂಗ?

1705ರ ಬಂದೂಕು ಬತ್ತಿ ಹಚ್ಚಿ ಹಾರಿಸುವಂಥದ್ದು. 1858ರ ಹೊತ್ತಿಗೆ ಕ್ಯಾಪ್ ಇಟ್ಟು ಹೊಡೆಯುವ ಬಂದೂಕು ಬಂದಿತ್ತು, ಆದರೂ ಮದ್ದು ಗುಂಡು ತುಂಬಬೇಕಾದದ್ದು ಮೂತಿಯಿಂದಲೇ. ಇವತ್ತು ನಾವು ಮನಿಗಳಲ್ಲಿ ನೋಡೋ ಜೋಡುನಳಿಗಿ ಬ್ಯಾರೆ. ಅದು ನಡುವೆ ಮಡಚತದ, ಹಿಂದಿನಿಂದ ಕಾಡತೂಸು ಹಾಕ್ತಾರ. ಒಂದೇ ಗುಂಡಿನ ಬದಲು ಸಣ್ಣ ಸಣ್ಣ ಛರ್ರಾ ಚೆಲ್ಲುವ ಬಂದೂಕು ಇದು, ಅಂದ್ರ ಶಾಟ್‌ಗನ್. ಇಂಥವು ಹೆಚ್ಚಾಗಿ ಹರಡಿದ್ದು 1860ರ ನಂತರ. ಸುರಪುರ 1860ರಲ್ಲಿ ನಿಜಾಮರ ಕೈಗೆ ಹೋಯ್ತು. ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ಜಹಗೀರದಾರರು, ದೇಸಾಯರು, ಶಿಕಾರಿ ಹುಚ್ಚಿನವರು ಬರ್ಮಿಂಗ್‌ಹ್ಯಾಮ್, ಲಂಡನ್ ಕಡೆಯ ಬಂದೂಕು ಇಟ್ಟುಕೊಂಡರು. ಕಲ್ಕತ್ತಾದ ಮ್ಯಾಂಟನ್, ರೊಡ್ಡಾ ಇಂಥಾ ವ್ಯಾಪಾರಿಗಳು ತಮ್ಮ ಹೆಸರನ್ನೇ ನಳಿಗೆಯ ಮೇಲೆ ಕೆತ್ತಿಸಿ ಮಾರ್ತಿದ್ದರು. ಸ್ವಾತಂತ್ರ್ಯದ ನಂತರ ನಮ್ಮ ಸರ್ಕಾರಿ ಕಾರ್ಖಾನೆಯ 12 ಬೋರ್ ಬಂತು. 1972ರ ವನ್ಯಜೀವಿ ಕಾಯ್ದೆ ಬಂದ ಮ್ಯಾಲೆ ಶಿಕಾರಿ ನಿಂತು, ಬಂದೂಕು ಗ್ವಾಡಿ ಸೇರಿತು.

ಈಗ ಪರೀಕ್ಷೆ. ನಳಿಗೆಯ ಅಡಿಭಾಗದಲ್ಲಿ ಸಣ್ಣ ಸಣ್ಣ ಮುದ್ರೆ ಇರ್ತಾವ. ಇಂಗ್ಲೆಂಡಿನಲ್ಲಿ ಪ್ರತಿ ನಳಿಗೆಯನ್ನೂ ಹೆಚ್ಚಿನ ಮದ್ದು ಹಾಕಿ ಹಾರಿಸಿ, ಪಾಸಾದ ಮೇಲೆ ಮುದ್ರೆ ಒತ್ತುವ ಕಾಯಂ ವ್ಯವಸ್ಥೆ ಇತ್ತು. ಲಂಡನ್ನಿನಲ್ಲಿ ಬಂದೂಕುಗಾರರ ಸಂಘಕ್ಕೆ 1637ರಲ್ಲೇ ಸನ್ನದು ಸಿಕ್ಕಿತ್ತು, ಬರ್ಮಿಂಗ್‌ಹ್ಯಾಮಿನ ಪರೀಕ್ಷಾ ಮನೆ 1813ರದ್ದು. ಮುದ್ರೆಯ ಆಕಾರ ಕಾಲಕಾಲಕ್ಕೆ ಬದಲಾಗ್ಯದ, ಹಿಂಗಾಗಿ ಬಲ್ಲವರು ಅದನ್ನ ನೋಡೇ ಇಸವಿ ಅಂದಾಜು ಮಾಡ್ತಾರ. ಹೊಗೆ ಇಲ್ಲದ 'ನೈಟ್ರೋ' ಮದ್ದಿನ ಮುದ್ರೆ ಇತ್ತಂದ್ರ ಆ ಪರೀಕ್ಷೆ 1858ರಲ್ಲಿ ನಡೆದಿರೋಕೆ ಸಾಧ್ಯವೇ ಇಲ್ಲ. ಆ ಮದ್ದೇ ಆಮೇಲೆ ಬಂದದ್ದು.

ಮುತ್ತಜ್ಜನ ಕಥಿ ಖರೇ ಅನ್ನೋದಕ್ಕೂ, ಸುಳ್ಳು ಅನ್ನೋದಕ್ಕೂ ಸಾಕ್ಷಿ ಆ ಒಂದು ಇಂಚಿನ ಜಾಗದಾಗ ಅದ. ಬಫ್ ಮೆಷಿನ್ ಹತ್ತು ನಿಮಿಷಕ್ಕ ಅದನ್ನ ತಿಂದುಹಾಕ್ತದ.

ಭಾಗ 4/9
ಆ "ಮಾಸಿದ ಬಣ್ಣ" ಅಂದ್ರ ಏನು?

ಹಳೇ ಬಂದೂಕಿನ ಮೈಮೇಲೆ ಮೂರು ಥರದ ಕೆಲಸ ಇರ್ತದ.

ಒಂದು, ನಳಿಗೆ. ಹಳೇ ಒಳ್ಳೆ ನಳಿಗೆಗಳನ್ನ ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನ ಜೋಡಿಸಿ ಬೆಸೆದು, ಹಗ್ಗದಂಗ ಹೊಸೆದು, ಸರಳಿಗೆ ಸುತ್ತಿ, ಬಡಿದು ಮಾಡ್ತಿದ್ದರು. ಇದಕ್ಕ ಡಮಾಸ್ಕಸ್ ನಳಿಗೆ ಅಂತಾರ. ಸಿರಿಯಾದ ಡಮಾಸ್ಕಸ್ ಪಟ್ಟಣದ ಹೆಸರಿನ ಖಡ್ಗಗಳ ಮೇಲಿದ್ದ ನೀರಲೆಯಂಥ ಚಿತ್ತಾರ ಇದರಲ್ಲೂ ಕಾಣ್ತದ ಅಂತ ಆ ಹೆಸರು. ಆ ಖಡ್ಗಗಳಿಗೆ ಬಳಸಿದ 'ವೂಟ್ಸ್' ಉಕ್ಕು ದಕ್ಷಿಣ ಭಾರತದಿಂದ ಹೋಗ್ತಿತ್ತು. ವೂಟ್ಸ್ ಅನ್ನೋ ಮಾತೇ ನಮ್ಮ 'ಉಕ್ಕು' ಪದದಿಂದ ಬಂದದ್ದು ಅಂತ ಬಲ್ಲವರು ಹೇಳ್ತಾರ. ನಳಿಗೆ ಮಾಡುವ ವಿಧಾನ ಮಾತ್ರ ಬ್ಯಾರೆ.

ಚಿತ್ತಾರ ಕಾಣಬೇಕಂದ್ರ ನಳಿಗೆಗೆ ಬಣ್ಣ ಹತ್ತಬೇಕು. ಅದಕ್ಕ ಏನ್ ಮಾಡ್ತಿದ್ದರು ಗೊತ್ತಾ? ಬೇಕಂತಲೇ ಜಂಗು ಹತ್ತಿಸ್ತಿದ್ದರು! ತಿಳಿಯಾದ ರಾಸಾಯನಿಕ ದ್ರಾವಣ ಸವರಿ, ತೇವದ ಜಾಗದಾಗ ಇಟ್ಟು, ತೆಳು ಜಂಗು ಬಂದ ಮೇಲೆ ಬಿಸಿನೀರು ಹಾಕಿ ಉಜ್ಜಿ, ಮತ್ತ ಸವರಿ, ಹಿಂಗ ಎಷ್ಟೋ ದಿನ. ಕಬ್ಬಿಣಕ್ಕ ಒಂದು ಬಣ್ಣ, ಉಕ್ಕಿಗೆ ಇನ್ನೊಂದು ಬಣ್ಣ ಹತ್ತಿ ಚಿತ್ತಾರ ಎದ್ದು ಬರ್ತಿತ್ತು. ನೀವು "ಕಂದು ಹೊಡೆದದ" ಅಂತ ಉಜ್ಜಲಿಕ್ಕೆ ಹೊಂಟಿರೋದು ಆ ಕಾರೀಗರನ ವಾರಗಟ್ಟಲೆ ಕೆಲಸ ಇರಬಹುದು.

ಎರಡು, ನಡುವಿನ ಉಕ್ಕಿನ ಭಾಗ. ಅದನ್ನ ಎಲುಬಿನ ಇದ್ದಲು, ಕಟ್ಟಿಗಿ ಇದ್ದಲಿನ ನಡುವೆ ಇಟ್ಟು ಕೆಂಪಗೆ ಕಾಸಿ ನೀರಿಗೆ ಅದ್ದುತ್ತಿದ್ದರು. ಮೇಲ್ಪದರ ಗಟ್ಟಿಯಾಗ್ತಿತ್ತು, ಜೊತೆಗೆ ನೀಲಿ, ಕಂದು, ಬೂದು ಬಣ್ಣ ಮೋಡದಂಗ ಹರಡ್ತಿತ್ತು. ಕೈ ತಾಗಿ ತಾಗಿ ಆ ಬಣ್ಣ ಹೋಗಿ ಬೆಳ್ಳಿ ಬೂದಿಗೆ ತಿರುಗ್ತದ. ಎಲ್ಲಿ ಸವೆದದ ಅಂತ ನೋಡಿದ್ರ ಹಿಡಿದವರ ಕೈ ಎಲ್ಲಿ ಕೂಡ್ತಿತ್ತು ಅನ್ನೋದೂ ತಿಳೀತದ.

ಮೂರು, ಕಟ್ಟಿಗೆಯ ಹಿಡಿ. ಒಳ್ಳೆ ಬಂದೂಕಿಗೆ ಅಕ್ರೋಟ್ ಕಟ್ಟಿಗಿ. ಅದರ ಮೇಲೆ ವಾರ್ನಿಶ್ ಹೊಡೀತಿರಲಿಲ್ಲ, ಎಣ್ಣಿ ತಿಕ್ಕಿ ತಿಕ್ಕಿ ಒಣಗಿಸ್ತಿದ್ದರು. ಯಾವ ಎಣ್ಣಿ? ಅಗಸಿ ಎಣ್ಣಿ. ಹೌದ್ರಿ, ನಮ್ಮ ಎರೆಹೊಲದಾಗ ಬೆಳೆಯುವ, ಚಟ್ನಿಪುಡಿಗೆ ಹಾಕುವ ಅದೇ ಅಗಸಿ. ಲಂಡನ್ನಿನ ಹೆಸರಾಂತ ಬಂದೂಕಿನ ಹಿಡಿಗೆ ಹೊಳಪು ಕೊಟ್ಟಿದ್ದು ಅದು.

ಭಾಗ 5/9
"ಹೊಸದರಂಗ" ಮಾಡಿದಾಗ ಏನಾಗ್ತದ?

ಬಫ್ ಮೆಷಿನ್‌ಗೆ ಕೊಟ್ರ ಚೂಪಾದ ಅಂಚುಗಳು ದುಂಡಾಗ್ತಾವ. ಕೆತ್ತನೆಯ ಹೂಬಳ್ಳಿ ತಳ ಕಾಣದಂಗ ಮಸುಕಾಗ್ತದ. ವ್ಯಾಪಾರಿಯ ಹೆಸರು ಅರ್ಧ ಅಳಿಸ್ತದ. ಮುದ್ರೆ ಹೋಗ್ತದ. ನಳಿಗೆ ಮೊದಲೇ ತೆಳುವಾಗಿದ್ರ ಇನ್ನಷ್ಟು ತೆಳುವಾಗ್ತದ.

ಬಿಸಿ ರಾಸಾಯನಿಕದ ತೊಟ್ಟಿಯಲ್ಲಿ ಅದ್ದಿ ಕಪ್ಪು ಬಣ್ಣ ಹತ್ತಿಸುವ ಪದ್ಧತಿ ಒಂದದ. ಗಟ್ಟಿ ಉಕ್ಕಿನ ರೈಫಲ್‌ಗೆ ಅದು ನಡೀತದ. ಹಳೇ ಜೋಡುನಳಿಗಿಗೆ ನಡೆಯಲ್ಲ. ಯಾಕಂದ್ರ ಎರಡು ನಳಿಗೆ ನಡುವಿನ ಪಟ್ಟಿ ಕೂಡಿರೋದು ಸೀಸ-ತವರದ ಬೆಸುಗೆಯಿಂದ. ಆ ತೊಟ್ಟಿ ಬೆಸುಗೆಯನ್ನ ತಿಂದು ಪಟ್ಟಿ ಬಿಚ್ಚಿಬಿಡಬಹುದು. ಜೊತೆಗೆ ಡಮಾಸ್ಕಸ್ ಚಿತ್ತಾರ ಮುಚ್ಚಿಹೋಗಿ ಬಂದೂಕು ಬರೇ ಕರ್ರಗ ಕಾಣ್ತದ.

ಕಟ್ಟಿಗಿಗೆ ಪಾಲಿಶ್ ಪೇಪರ್ ಹಚ್ಚಿದ್ರ ಹಿಡಿತಕ್ಕಂತ ಕೊಯ್ದ ಚೌಕಳಿ ಗೀರು ಸವೀತಾವ. ಲೋಹಕ್ಕೂ ಕಟ್ಟಿಗಿಗೂ ಸಮ ಇದ್ದ ಮಟ್ಟ ತಪ್ಪಿ ಲೋಹ ಮೇಲೆ ನಿಲ್ತದ. ಮ್ಯಾಲೆ ಫರ್ನಿಚರ್ ವಾರ್ನಿಶ್ ಹೊಡೆದ್ರ ಸೋಫಾದ ಕಾಲಿನಂಗ ಕಾಣ್ತದ, ಬ್ಯಾರೇನಿಲ್ಲ.

ಒಂದು ಮಾತು ಕೇಳ್ತೀನಿ. ಸುರಪುರದ ಗರುಡಾದ್ರಿ ಮನೆತನದವರ ಚಿತ್ರ ನೋಡಿದ್ದೀರಲ್ಲ, ಚಿನ್ನದ ಕೆಲಸ ಇರುವ ಆ ಸಣ್ಣ ಸಣ್ಣ ಚಿತ್ರ? ಚಿನ್ನ ಮಸುಕಾಗ್ಯದ ಅಂತ ಅದರ ಮ್ಯಾಲೆ ಅಂಗಡಿಯ ಗೋಲ್ಡನ್ ಪೇಂಟ್ ಹಚ್ಚೋಕೆ ಯಾರಾದ್ರೂ ಒಪ್ತೀವಾ? ಇಲ್ಲ. ಬಂದೂಕಿನ ಮಾತು ಬಂದಾಗ ಮಾತ್ರ ಯಾಕ ಒಪ್ತೀವಿ?

ಭಾಗ 6/9
ವಿಜಯಪುರದ ತೋಪು, ನಮ್ಮ ಲೆಕ್ಕದ ಪುಸ್ತಕ

ಮಲಿಕ್-ಎ-ಮೈದಾನ್ ತೋಪು ನೋಡದವರು ನಮ್ಮ ಕಡೆ ಕಡಿಮೆ. ಸ್ಕೂಲ್ ಟ್ರಿಪ್ ಅಂದ್ರ ವಿಜಯಪುರನೇ. ಸುಮಾರು 14 ಅಡಿ ಉದ್ದ, 55 ಟನ್ ತೂಕ ಅಂತ ಹೇಳ್ತಾರ. 1549ರಲ್ಲಿ ಅಹಮದ್‌ನಗರದಲ್ಲಿ ಮಹಮ್ಮದ್ ಬಿನ್ ಹಸನ್ ರೂಮಿ ಎರಕ ಹೊಯ್ದದ್ದು. 1686ರಲ್ಲಿ ವಿಜಯಪುರ ಗೆದ್ದ ಔರಂಗಜೇಬ್ ಅದೇ ತೋಪಿನ ಮೇಲೆ ತನ್ನ ಗೆಲುವಿನ ಬರಹ ಕೆತ್ತಿಸಿದ.

ಅಂದ್ರ ಒಂದೇ ತೋಪಿನ ಮೇಲೆ ಎರಡು ಎಂಟ್ರಿ. ಮಾಡಿದವನದು ಒಂದು, ಗೆದ್ದವನದು ಇನ್ನೊಂದು. ಮೂಲ ರೂಪಕ್ಕ ತರ್ತೀವಂತ ಎರಡನೇ ಬರಹ ಉಜ್ಜಿ ತೆಗೆದ್ರ? ವಿಜಯಪುರ ಬಿದ್ದ ಸಾಕ್ಷಿನೇ ಹೋಗ್ತದ. ಸವಕಳಿ, ಗೀರು, ಆಮೇಲಿನ ಬರಹ, ರಿಪೇರಿ ಮಾಡಿದ ತೇಪೆ, ಎಲ್ಲಾ ಸೇರಿದ್ರೇನೇ ಇತಿಹಾಸ.

ನಾವು ಬಿ.ಕಾಂ. ಮಂದಿಗೆ ಇದು ಬೇಗ ತಿಳೀತದ. ಲೆಕ್ಕದ ಪುಸ್ತಕದಾಗ ತಪ್ಪು ಎಂಟ್ರಿ ಬಿದ್ರೂ ರಬ್ಬರ್‌ನಿಂದ ಅಳಿಸಂಗಿಲ್ಲ. ರೆಕ್ಟಿಫಿಕೇಶನ್ ಎಂಟ್ರಿ ಬ್ಯಾರೆ ಹಾಕಬೇಕು, ಹಳೇದೂ ಕಾಣಬೇಕು, ಹೊಸದೂ ಕಾಣಬೇಕು. ಮುದ್ರೆ, ನಂಬರ್, ಹೆಸರು ಇವೆಲ್ಲಾ ವೋಚರ್ ಇದ್ದಂಗ. ವೋಚರ್ ಇಲ್ಲದ ಖರ್ಚು ಆಡಿಟರ್ ಒಪ್ಪಲ್ಲ. ಗುರುತು ಇಲ್ಲದ ಬಂದೂಕಿನ ಕಥಿ ಇತಿಹಾಸಕಾರ ಒಪ್ಪಲ್ಲ.

ಬೆಲೆ ಲೆಕ್ಕದಾಗೂ ಹಂಗೇ. ಸಂಗ್ರಾಹಕರು ಮೂಲ ಬಣ್ಣ ಉಳಿದ ಬಂದೂಕಿಗೆ ಹೆಚ್ಚು ಬೆಲೆ ಕೊಡ್ತಾರ. ಹಣ ಖರ್ಚು ಮಾಡಿ ಹೊಳೆಯುವಂಗ ಮಾಡಿಸಿದ್ದಕ್ಕ ಬೆಲೆ ಇಳೀತದ. ಖರ್ಚೂ ಆಯ್ತು, ಆಸ್ತಿಯೂ ಸೊರಗಿತು.

ಅಂದಹಾಗೆ ಈ ಮಲಿಕ್-ಎ-ಮೈದಾನ್ ಅನ್ನ 1854ರಲ್ಲಿ ಕೆಲಸಕ್ಕ ಬಾರದ ಸಾಮಾನು ಅಂತ ಹರಾಜಿಗೆ ಇಟ್ಟಿದ್ದರು. ಬಂದ ಹೆಚ್ಚಿನ ಬೋಲಿ 150 ರೂಪಾಯಿ. ಪುಣ್ಯಕ್ಕ ಮಾರಾಟ ರದ್ದಾಯ್ತು. ಗುಜರಿ ರೇಟು ಬ್ಯಾರೆ, ಇತಿಹಾಸದ ರೇಟು ಬ್ಯಾರೆ ಅನ್ನೋದಕ್ಕ ಇದಕ್ಕಿಂತ ಉದಾಹರಣೆ ಬೇಕಾ?

ಭಾಗ 7/9
ಎದುರು ವಾದಕ್ಕೂ ಬೆಲೆ ಅದ

ಹಿಂಗಂದ ಮಾತ್ರಕ್ಕ ಮುಟ್ಟಲೇಬಾರದು ಅಂತಲ್ಲ. ರಿಪೇರಿ ಪರ ಇರೋರ ಮಾತು ಮೂರು.

"ಆಯುಧ ದೇವರಿದ್ದಂಗ, ಜಂಗು ಹಿಡಿದದ್ದನ್ನ ಪೂಜಿಗೆ ಇಡೋದು ಹೆಂಗ?" ಇದು ಪ್ರೀತಿಯ ಮಾತು, ಇದನ್ನ ತಳ್ಳಿಹಾಕಂಗಿಲ್ಲ. ಕೊಡಗಿನಲ್ಲಿ ಕೈಲ್ ಪೊಳ್ದ್ ದಿನ ಕೋವಿ ತೊಳೆದು, ಒರೆಸಿ, ತೋಕ್ ಪೂ ಇಟ್ಟು ಪೂಜೆ ಮಾಡ್ತಾರ. ಸ್ವಚ್ಛ ಮಾಡೋದು ಗೌರವ. ಸ್ವಚ್ಛ ಮಾಡೋದಕ್ಕೂ ಮೇಲ್ಪದರ ಕೆರೆಯೋದಕ್ಕೂ ಫರಕ್ ಅದ, ಅಷ್ಟೇ ನನ್ನ ಮಾತು.

"ಬಿಟ್ರ ಜಂಗು ತಿಂದೇ ಹಾಕ್ತದ." ಖರೇ. ಜಂಗಿನಾಗ ಎರಡು ಜಾತಿ. ಕೆಂಪಗೆ, ಪುಡಿಪುಡಿಯಾಗಿ, ಬಟ್ಟೆಗೆ ಹತ್ತೋದು ಜೀವಂತ ಜಂಗು, ಅದು ದಿನಾ ಒಳಗ ಕೊರೀತದ. ಕಪ್ಪು ಕಂದು ಬಣ್ಣದಾಗಿ ನುಣ್ಣಗ ಕೂತದ್ದು ಶಾಂತ ಪದರ, ಅದು ಒಳಗಿನ ಲೋಹಕ್ಕ ಹೊದಿಕೆ. ಮೊದಲನೇದನ್ನ ನಿಲ್ಲಿಸಲೇಬೇಕು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಳೇ ಬಾವಿಯೊಳಗ ಟಿಪ್ಪು ಕಾಲದವು ಅಂತ ಗುರುತಿಸಿದ ಸಾವಿರದಷ್ಟು ಕಬ್ಬಿಣದ ರಾಕೆಟ್ ಸಿಕ್ಕವಲ್ಲ, ಅವು ಮಣ್ಣಾಗ ಜಂಗು ಹಿಡಿದೇ ಇದ್ದವು. ಅವನ್ನ ಉಜ್ಜಿ ಮಿಂಚಿಸಿದ್ರ ಅಳತೆಗೂ ಏನೂ ಉಳೀತಿರಲಿಲ್ಲ.

"ನಮಗ ಬೆಳೆ ಕಾಯಲಿಕ್ಕೆ ನಡೆಯೋ ಬಂದೂಕು ಬೇಕು." ಇದು ಎಲ್ಲಕ್ಕಿಂತ ಗಟ್ಟಿ ವಾದ. ಬಳಸೋ ಬಂದೂಕಿಗೆ ಮೊದಲು ಸುರಕ್ಷತೆ, ಆಮ್ಯಾಲ ಬಣ್ಣ. ಮುರಿದ ಸ್ಪ್ರಿಂಗ್, ಸಡಿಲಾದ ಕೀಲು ಸರಿ ಮಾಡಿಸಲೇಬೇಕು. ಆದರೆ ಡಮಾಸ್ಕಸ್ ನಳಿಗೆ ಹೆಚ್ಚಾಗಿ ಮಾಡಿದ್ದು ಹಳೇ ಕರಿಮದ್ದಿಗೆ. ಈಗಿನ ಕಾಡತೂಸಿನ ಒತ್ತಡ ಬ್ಯಾರೆ. ಹಳೇ 12 ಬೋರ್‌ಗಳಲ್ಲಿ ಕಾಡತೂಸಿನ ಮನೆ ಬಾಳ ಸಲ ಎರಡೂವರೆ ಇಂಚು, ಈಗಿನವು ಎರಡೂ ಮುಕ್ಕಾಲು. ಹೊರಗ ಹೊಳಪು ಕೊಟ್ಟ ಮಾತ್ರಕ್ಕ ಒಳಗಿನ ಉಕ್ಕು ಹೊಸದಾಗಲ್ಲ. ಹೊಳಪು ನೋಡಿ ಧೈರ್ಯ ಬಂದು ಹಾರಿಸಿದ್ರ ನಳಿಗೆ ಸಿಡಿದು ಕೈ ಹೋಗಬಹುದು. ಹಂಗಾಗಿ ಹೊಲಕ್ಕ ಬೇಕಂದ್ರ ಹೊಸ ಬಂದೂಕು, ಅಜ್ಜನದು ಗ್ವಾಡಿಗೆ.

ಕ್ಯಾಪಿಟಲ್ ಖರ್ಚು, ರೆವಿನ್ಯೂ ಖರ್ಚು ಅಂತ ಓದ್ತೀವಲ್ಲ? ಇದ್ದದ್ದನ್ನ ಇದ್ದಂಗ ಉಳಿಸೋಕೆ ಮಾಡೋದು ರೆವಿನ್ಯೂ. ಹೊಸ ರೂಪ ಕೊಡೋಕೆ ಮಾಡೋದು ಕ್ಯಾಪಿಟಲ್. ಅಜ್ಜನ ಬಂದೂಕಿಗೆ ವರ್ಷಾವರ್ಷ ರೆವಿನ್ಯೂ ಖರ್ಚು ಸಾಕು.

ಭಾಗ 8/9
ಕಾನೂನು ಏನಂತದ?

1959ರ ಶಸ್ತ್ರಾಸ್ತ್ರ ಕಾಯ್ದೆ. ಇದನ್ನ ಸೇವ್ ಮಾಡ್ಕೊಳ್ರಿ.

ಸೆಕ್ಷನ್ 5: ಲೈಸೆನ್ಸ್ ಇಲ್ಲದವರು ಬಂದೂಕು ರಿಪೇರಿಯ ಧಂದೆ ಮಾಡಂಗಿಲ್ಲ. ಗೊತ್ತಿರೋ ವೆಲ್ಡಿಂಗ್ ಅಂಗಡಿಗೆ ಒಯ್ಯಬ್ಯಾಡ್ರಿ.

ಸೆಕ್ಷನ್ 8: ಬಂದೂಕಿನ ಮೇಲೆ ಒತ್ತಿದ ಹೆಸರು, ನಂಬರ್, ಗುರುತು ಅಳಿಸೋದು, ತೆಗೆಯೋದು, ಬದಲಿಸೋದು ಅಪರಾಧ. ಪಾಲಿಶ್ ಹೆಸರಿನಲ್ಲಿ ನಂಬರ್ ಸವೆದ್ರ ಲೈಸೆನ್ಸ್ ಪುಸ್ತಕಕ್ಕೂ ಬಂದೂಕಿಗೂ ತಾಳೆ ಆಗಲ್ಲ. ತ್ರಾಸು ನಿಮಗೇ.

ಸೆಕ್ಷನ್ 45: ಹಳೇ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧ, ರಿಪೇರಿ ಮಾಡಿದ್ರೂ ಮಾಡದಿದ್ರೂ ಬಂದೂಕಾಗಿ ಬಳಸಲಿಕ್ಕೆ ಬಾರದಂಥದ್ದಾದ್ರ, ಈ ಕಾಯ್ದೆ ಅದಕ್ಕ ಅನ್ವಯಿಸಲ್ಲ. "ರಿಪೇರಿ ಮಾಡಿದ್ರೂ" ಅನ್ನೋ ಮಾತು ಗಮನಿಸ್ರಿ. ಆದರೆ ಯಾವುದು ಈ ಸಾಲಿಗೆ ಬರ್ತದ ಅಂತ ಮನಿಯಾಗ ಕೂತು ನಾವೇ ತೀರ್ಮಾನ ಮಾಡಂಗಿಲ್ಲ, ಅಧಿಕಾರಿಗಳನ್ನ ಕೇಳಬೇಕು.

2019ರ ತಿದ್ದುಪಡಿ: ಒಬ್ಬರ ಹತ್ರ ಮೂರರ ಬದಲು ಎರಡೇ ಬಂದೂಕು, ಹಿರಿಯರಿಂದ ಬಂದದ್ದೂ ಸೇರಿ.

ಇನ್ನೊಂದು, 1972ರ ಪ್ರಾಚ್ಯವಸ್ತು ಕಾಯ್ದೆ. 100 ವರ್ಷ ದಾಟಿದ ಇಂಥಾ ವಸ್ತು ಪ್ರಾಚ್ಯವಸ್ತು ಆಗ್ತದ, ಅದನ್ನ ಖಾಸಗಿಯವರು ದೇಶದಿಂದ ಹೊರಗ ಕಳಿಸಂಗಿಲ್ಲ.

ಅಜ್ಜ ತೀರಿಕೊಂಡು ಲೈಸೆನ್ಸ್ ಮುಗಿದಿದ್ರ "ಹಳೇದಲ್ಲ ಬಿಡು" ಅಂತ ಅಟ್ಟದ ಮ್ಯಾಲೆ ಮುಚ್ಚಿಡಬ್ಯಾಡ್ರಿ. ಠಾಣೆಯಲ್ಲಿ ಕೇಳಿ ಕಾಗದ ಸರಿಮಾಡ್ಕೊಳ್ರಿ. ಇತಿಹಾಸ ಉಳಿಸೋಕೆ ಹೋಗಿ ಕೇಸು ಹಾಕಿಸ್ಕೊಳ್ಳೋದು ಬ್ಯಾಡ.

ಭಾಗ 9/9
ಹಂಗಾದ್ರ ಮನಿಯಾಗ ಏನ್ ಮಾಡಬೇಕು?

1. ಮೊದಲು ಖಾಲಿ ಅದನಾ ಅಂತ ತಿಳಿದವರ ಕೈಲೆ ಖಾತ್ರಿ ಮಾಡಿಸ್ರಿ. ಹುಡುಗರ ಕೈಗೆ ಕೊಡಬ್ಯಾಡ್ರಿ.

2. ಏನನ್ನೂ ಮುಟ್ಟುವ ಮೊದಲು ಫೋಟೋ ತಗೀರಿ. ಮುದ್ರೆ, ನಂಬರ್, ಹೆಸರು ಹತ್ತಿರದಿಂದ. ಪ್ರತಿ ವರ್ಷ ಅದೇ ಜಾಗದ ಫೋಟೋ ತಗದ್ರ ಜಂಗು ಬೆಳೀತದನೋ ಇಲ್ಲೋ ಗೊತ್ತಾಗ್ತದ. ನಂಬರಿನ ಫೋಟೋ ಸ್ಟೋರಿಗೆ ಹಾಕಬ್ಯಾಡ್ರಿ, ಮನಿಯಾಗ ಇಟ್ಕೊಳ್ರಿ.

3. ಒಣ ಮೆತ್ತನ ಬಟ್ಟಿಯಿಂದ ಧೂಳು ಒರೆಸಿ, ಬಂದೂಕಿಗೆ ಅಂತಲೇ ಸಿಗುವ ತೆಳು ಎಣ್ಣಿ ಒಂದೆರಡು ಹನಿ ಸವರ್ರಿ. ಕೆಂಪು ಜಂಗು ಎಣ್ಣಿ ಕುಡಿದು ಮೆತ್ತಗಾದ ಮೇಲೆ ಬಟ್ಟಿಯಿಂದಲೇ ಬಂದಷ್ಟು ತಗೀರಿ. ಬಟ್ಟಿಗೆ ಬಾರದ್ದನ್ನ ತಿಳಿದವರಿಗೆ ಬಿಡ್ರಿ. ಎಮರಿ ಪೇಪರ್, ತಂತಿ ಬ್ರಷ್, ಹುಣಸಿಹಣ್ಣು, ಬೂದಿ ಬ್ಯಾಡೇ ಬ್ಯಾಡ.

4. ಪೂಜೆಯಾಗ ನಿಂಬಿಹಣ್ಣು ಲೋಹಕ್ಕ ತಾಗಿಸಬ್ಯಾಡ್ರಿ, ಅದರ ಹುಳಿ ಮೇಲ್ಪದರ ತಿಂತದ. ಅರಿಷಿಣ ಕುಂಕುಮ ಹಚ್ಚೋದಿದ್ರ ಕೆಳಗ ಹಾಸಿದ ಬಟ್ಟಿಗೆ, ಇಲ್ಲಾ ಬಂದೂಕಿಗೆ ಕಟ್ಟಿದ ದಾರಕ್ಕ ಹಚ್ರಿ. ಪೂಜಿ ಮುಗಿದ ದಿನನೇ ಒರೆಸಿ ಎಣ್ಣಿ ಹಚ್ರಿ.

5. ಕಟ್ಟಿಗಿ ಒಣಗಿದ್ರ ಅಗಸಿ ಎಣ್ಣಿ, ಅದೂ ಬೆರಳ ತುದಿಯಷ್ಟು. ಹೆಚ್ಚಾದ್ರ ಅಂಟಂಟು ಉಳೀತದ. ಎಣ್ಣಿ ಒರೆಸಿದ ಬಟ್ಟಿ ಮುದ್ದಿ ಮಾಡಿ ಒಗೀಬ್ಯಾಡ್ರಿ, ಹರವಿ ಒಣಗಿಸ್ರಿ. ಅಗಸಿ ಎಣ್ಣಿ ಬಟ್ಟಿ ತಾನಾಗೇ ಬಿಸಿಯಾಗಿ ಬೆಂಕಿ ಹತ್ತೋದುಂಟು.

6. ಚರ್ಮದ ಚೀಲದಾಗ ವರ್ಷಗಟ್ಟಲೆ ಇಡಬ್ಯಾಡ್ರಿ, ಚರ್ಮ ತೇವ ಹಿಡೀತದ. ಚುನಾವಣೆ ಬಂದು ಠಾಣೆಗೆ ಜಮಾ ಮಾಡೋ ಮೊದಲು ಎಣ್ಣಿ ಕೈ ಆಡಿಸ್ರಿ, ವಾಪಸ್ ತಂದ ದಿನ ಮತ್ತೊಮ್ಮೆ.

7. ರಿಪೇರಿ ಮಾಡಿಸಲೇಬೇಕಂದ್ರ ಲೈಸೆನ್ಸ್ ಇರೋ ಗನ್‌ಸ್ಮಿತ್ ಹತ್ರ ಹೋಗ್ರಿ. ಏನು ಬದಲಾಯಿತು ಅಂತ ಬರೆಸಿಕೊಳ್ರಿ, ತೆಗೆದ ಹಳೇ ಭಾಗ ಚೀಟಿ ಕಟ್ಟಿ ವಾಪಸ್ ತಗೊಂಡು ಇಟ್ಕೊಳ್ರಿ.

8. ಎಲ್ಲಕ್ಕಿಂತ ದೊಡ್ಡದು ಇದು. ಒಂದು ನೋಟ್‌ಬುಕ್ ಇಡ್ರಿ. ಮನಿಯಾಗ ಹಿರಿಯರು ಇದ್ರ ಈ ದಸರಾಕ್ಕೇ ಕೂತು ಕೇಳ್ರಿ. "ಅಜ್ಜಾ, ಇದು ಯಾರು ತಂದದ್ದು? ಎಲ್ಲಿಂದ? ಎಷ್ಟಕ್ಕ? ಈ ಗೀರು ಯಾವಾಗ ಆದದ್ದು?" ಅವರು ಹೇಳಿದ್ದನ್ನ ಹೇಳಿದಂಗೇ ಬರೀರಿ, ತಾರೀಖು ಹಾಕ್ರಿ. ಲೈಸೆನ್ಸಿನ ಹಳೇ ಪುಸ್ತಕ, ಉರ್ದು ಕಾಗದ ಇದ್ರ ಅದರ ಜೊತಿಗೇ ಇಡ್ರಿ. ಉರ್ದು ಓದೋರು ನಮ್ಮೂರಾಗೇ ಇದ್ದಾರ, ಓದಿಸ್ರಿ.

ಟೇಲರ್ ಸಾಹೇಬ ತನ್ನ ಕಥಿ ಬರೆದಿಟ್ಟ, ಅದು ಉಳೀತು. ನಮ್ಮ ಹಿರಿಯರು ಬರೀಲಿಲ್ಲ, ಆದರೆ ಅವರ ಕೈ ತಾಗಿ ಸವೆದ ಜಾಗ ಇನ್ನೂ ಹಂಗೇ ಅದ. ಬಂದೂಕು ಹೊಳೆಯದಿದ್ರ ನಡೀತದ. ಅದು ಯಾರದು, ಯಾವಾಗಿನದು ಅಂತ ಮೊಮ್ಮಕ್ಕಳು ಕೇಳಿದಾಗ ತೋರಿಸಲಿಕ್ಕೆ ಏನಾದ್ರೂ ಉಳಿದಿರಬೇಕು.

ಮುಂದಿನ ಸರಣಿ ಯಾದಗಿರಿ ಕೋಟೆ ಮೇಲಿನ ತೋಪುಗಳ ಬಗ್ಗೆ. ನಿಮ್ಮ ಮನಿಯಾಗ ಹಳೇ ಕಾಗದ, ಹಳೇ ಫೋಟೋ ಇದ್ರ ಮೆಸೇಜ್ ಮಾಡ್ರಿ. ಈ ಪೋಸ್ಟನ್ನ ಪಾಲಿಶ್ ಹೊಡೆಸಬೇಕಂತ ಕೂತಿರೋ ನಿಮ್ಮ ಕಾಕಾಗೆ ಕಳಿಸ್ರಿ, ದಸರಾಕ್ಕಿಂತ ಮೊದಲು.

#ಸುರಪುರ #ಶಹಾಪುರ #ಯಾದಗಿರಿ #ವಾಗಣಗೇರಾ #ನಮ್ಮಇತಿಹಾಸ #ಖಂಡೇನವಮಿ #ಕಲ್ಯಾಣಕರ್ನಾಟಕ